ಪರದೆಯ ಮೇಲೆ ಯಾರ ಮುಖ?

ರೇಡಿಯೋ ನಾಟಕವನ್ನು ಕೇಳುವಾಗ ಪಾತ್ರಧಾರಿಯ ಮುಖ ಕಾಣುವದಿಲ್ಲವೆಂದು ನೀವು ಎಂದಾದರೂ ಪೇಚಾಡಿದ್ದುಂಟೆ? ಇರಲಾರದು. ಕಿವಿಗೆ ಬಿದ್ದ ದನಿಗೆ ನಮ್ಮ ಮನಸ್ಸೇ ಒಂದು ಮುಖವನ್ನು ಕಟ್ಟಿಕೊಡುತ್ತದೆ. ಆದರೆ ಮುಖವನ್ನೂ ತೋರಿಸುತ್ತೇವೆಂದು ಹೇಳಿ ಕೂಡಿಸಿದ ಮೇಲೆ, ಒಬ್ಬರು ಮಾತಾಡುತ್ತಿರುವಾಗ ಇನ್ನೊಬ್ಬರ ಮುಖವನ್ನು ತೋರಿಸಿದರೆ ಹೇಗಾದೀತು? ಆಗ ಕಣ್ಣು ಕಿವಿಯನ್ನು ಕೆಡಿಸುತ್ತದೆ.

ಊರೂರಿನ ಕೋಣೆಗಳನ್ನು ಒಂದಕ್ಕೊಂದು ಜೋಡಿಸಿ, ಒಂದೆಡೆಯ ಮಾತನ್ನೂ ಚಿತ್ರವನ್ನೂ ಉಳಿದೆಡೆಗಳಿಗೆ ಮುಟ್ಟಿಸುವ ಏರ್ಪಾಡಿಗೆ ವಿಡಿಯೋ ಕಾನ್ಫರೆನ್ಸ್ ಎಂದು ಹೆಸರು. ದೃಶ್ಯಸಂವಾದವೆಂದು ನಾವು ಪಂಡಿತರು ಕನ್ನಡಿಸಿಕೊಟ್ಟರೂ ಕಚೇರಿಯವರ ಬಾಯಲ್ಲಿ ಉಳಿದದ್ದು ‘ವಿ.ಸಿ.’ ಎಂಬ ಎರಡಕ್ಷರ ಮಾತ್ರ. ‘ನಾಳೆ ಮುಂಜಾನೆ ವಿ.ಸಿ. ಇದೆ’ ಎಂದು ಮೊದಲ ಸಲ ಕೇಳಿದಾಗ, ಯಾವುದೋ ವಿಶ್ವವಿದ್ಯಾಲಯದ ಕುಲಪತಿಗಳೇ ಬರುತ್ತಿರುವರೆಂದು ತಿಳಿದು ನಾನು ಇಸ್ತ್ರಿಯ ಅಂಗಿ ತೊಟ್ಟು ಹೋಗಿದ್ದೆ.

ಎರಡು ಮಳೆಗಾಲಗಳ ಹಿಂದಿನ ಮಾತು. ಅಂಥದೇ ಒಂದು ಸಭೆಗಾಗಿ ಸಂಪಗಾಂವದಿಂದ ಬೈಲಹೊಂಗಲಕ್ಕೆ ಬಸ್ಸು ಹಿಡಿದು ಹೋದೆ. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಹೀಗೆ ನಾಲ್ಕು ಊರುಗಳ ನಾಲ್ಕು ಕೋಣೆಗಳಲ್ಲಿ ಶಿಕ್ಷಕರು. ಐದನೆಯ ಕೋಣೆ ಬೆಳಗಾವಿಯಲ್ಲಿ, ಅಲ್ಲಿ ಸಾಹೇಬರು. ನಮ್ಮ ಕೋಣೆಯಲ್ಲಿ ಒಂದೇ ಮೈಕು. ಅದು ಮುಂದಿನ ಮೇಜಿನ ಮೇಲೆ, ಆ ಮೇಜಿನ ಹಿಂದೆ ಹಿರಿಯನೆಂದು ನಾನು. ಮೂರನೆಯ ಸಾಲಿನಲ್ಲಿ ಮಲಪ್ರಭೆಯ ದಂಡೆಯ ಹಳ್ಳಿಯೊಂದರಿಂದ ಬಂದ ಒಬ್ಬ ಅಕ್ಕೋರು ಎದ್ದು ನಿಂತು ಮಾತಾಡಿದರು. ಅವರ ಶಾಲೆಯಲ್ಲಿ ಅರ್ಧ ವರ್ಷದಿಂದ ಗಣಿತದ ಮಾಸ್ತರರಿಲ್ಲ, ಹತ್ತನೆಯ ಇಯತ್ತೆಯ ಮಕ್ಕಳ ಗತಿಯೇನು ಎಂಬುದು ಅವರ ಅಹವಾಲು. ಸಣ್ಣ ದನಿ. ಎರಡು ನಿಮಿಷ ಹೇಳಿರಬಹುದು. ಅಷ್ಟರಲ್ಲಿ ಬೆಳಗಾವಿಯಿಂದ ಸಾಹೇಬರ ಮಾತು ಬಂತು: “ಬೈಲಹೊಂಗಲದ್ದು ಏನೂ ಇಲ್ಲಂತ ಕಾಣಸ್ತದ. ರಾಮದುರ್ಗದವರು ಹೇಳ್ರಿ.”

ಅಕ್ಕೋರು ಕುಳಿತುಬಿಟ್ಟರು. ‘ಇದ್ದಾರರೀ, ಮಾತಾಡಾಕತ್ತಾರ’ ಎಂದು ನಾನು ಅನ್ನಬಹುದಿತ್ತು, ಅನ್ನಲಿಲ್ಲ. ಏನಾಯಿತೆಂದು ತಿರುಗಿ ನೋಡುವಷ್ಟರಲ್ಲಿ ಮೇಜಿಗೆ ಆನಿಸಿದ್ದ ನನ್ನ ಉದ್ದ ಛತ್ರಿ ಜಾರಿ, ಮೈಕನ್ನೂ ಉರುಳಿಸಿಕೊಂಡು, ಗಡಗಡನೆ ಬಿತ್ತು. ಕೂಡಲೇ ಸಾಹೇಬರು, “ಹಾಂ, ಈಗ ಬೈಲಹೊಂಗಲ ಬಂತು ನೋಡ್ರಿ. ಹೇಳ್ರಿ ಗುರುಗಳ” ಎಂದರು. ನಾನು, “ಏನಿಲ್ಲರಿ ಸಾಹೇಬರ, ಛತ್ರಿ ಬಿತ್ತು” ಎಂದೆ. ಐದೂ ಕೋಣೆಗಳು ನಕ್ಕವು. ಸಭೆ ಮುಂದೆ ಸಾಗಿತು.

ಮೂವತ್ತು ಮಕ್ಕಳ ಗಣಿತಕ್ಕೆ ಸಿಗದ ಪರದೆ ಒಂದು ಛತ್ರಿಗೆ ಹೇಗೆ ಸಿಕ್ಕಿತು? ಇದು ನನ್ನನ್ನು ಬಹುದಿನ ಕಾಡಿತು. ಇಂಥ ಯಂತ್ರಗಳ ಕೆಲಸದಲ್ಲಿಯೇ ಇರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿದ್ದಾನೆ. ದೀಪಾವಳಿಗೆ ಊರಿಗೆ ಬಂದಾಗ ಅವನನ್ನು ಕೂಡಿಸಿಕೊಂಡು ಕೇಳಿದೆ. ಅವನು ತಿಳಿಸಿದ್ದನ್ನೂ ಆಮೇಲೆ ನಾನಾಗಿ ಓದಿ ತಿಳಿದದ್ದನ್ನೂ ನಿಮ್ಮ ಮುಂದಿಡುತ್ತೇನೆ.

ಐದು ಕೋಣೆಗಳು ತಮ್ಮ ಚಿತ್ರ, ದನಿಗಳನ್ನು ಪ್ರತಿಯೊಬ್ಬರಿಗೂ ನೇರವಾಗಿ ಕಳಿಸಬೇಕೆಂದರೆ ಒಬ್ಬೊಬ್ಬರು ನಾಲ್ಕು ಕಡೆಗೆ ಕಳಿಸಬೇಕು. ಒಟ್ಟು ಇಪ್ಪತ್ತು ಪ್ರವಾಹಗಳು. ಹತ್ತು ಕೋಣೆಗಳಾದರೆ ತೊಂಬತ್ತು. ಆದುದರಿಂದ ಎಲ್ಲರೂ ನಡುವಿನ ಒಂದು ಯಂತ್ರಕ್ಕೆ ಕಳಿಸುವದು, ಅಲ್ಲಿಂದ ಎಲ್ಲರೂ ಪಡೆಯುವದು, ಹೀಗೆ ವ್ಯವಸ್ಥೆ. ಈ ನಡುಯಂತ್ರಕ್ಕೆ ಇಂಜಿನಿಯರರು ‘ಬ್ರಿಜ್’ ಎನ್ನುತ್ತಾರೆ. ನಾವು ಸೇತುವೆಯೆನ್ನೋಣ.

ಸೇತುವೆಗೆ ಎರಡು ಕೆಲಸ. ಮೊದಲನೆಯದು ದನಿಯದು, ಸುಲಭವಾದದ್ದು. ಐದು ದನಿಗಳನ್ನು ಕೂಡಿಸಿದರೆ ಐದೂ ಕೇಳುತ್ತವೆ. ಭಜನೆಯ ಮೇಳದಲ್ಲಿ ಕೇಳುವದಿಲ್ಲವೇ? ಎಚ್ಚರವಿಡಬೇಕಾದದ್ದು ಒಂದೇ: ಪ್ರತಿಯೊಬ್ಬರಿಗೂ ಅವರದೇ ದನಿಯನ್ನು ಕಳೆದು ಉಳಿದ ನಾಲ್ಕನ್ನು ಕೂಡಿಸಿ ಕಳಿಸಬೇಕು. ಇಲ್ಲವಾದರೆ ನಮ್ಮ ಮಾತು ತುಸು ತಡವಾಗಿ ನಮಗೇ ಮರಳಿ ಕೇಳಿಸಿ ನಾಲಗೆ ತೊಡರುತ್ತದೆ. ದೂರದ ಬಾತ್ಮೀದಾರನನ್ನೋ ಅತಿಥಿಯನ್ನೋ ತಂತಿಯ ಮೇಲೆ ಕರೆದು ಮಾತಾಡಿಸುವಾಗ ರೇಡಿಯೋ ನಿಲಯಗಳವರು ಮಾಡುವದೂ ಇದನ್ನೇ.

ಎರಡನೆಯದು ಚಿತ್ರದ್ದು. ಇಲ್ಲಿಯೇ ತೊಡಕು. ದನಿಗಳನ್ನು ಕೂಡಿಸಬಹುದು, ಮುಖಗಳನ್ನು ಕೂಡಿಸಲಿಕ್ಕಾಗದು. ಒಂದರ ಮೇಲೊಂದು ಐದು ಮುಖಗಳನ್ನಿಟ್ಟರೆ ಅದು ಯಾರ ಮುಖವೂ ಅಲ್ಲ. ಚಿಕ್ಕ ಚಿಕ್ಕ ಚೌಕಗಳಲ್ಲಿ ಎಲ್ಲರನ್ನೂ ಜೋಡಿಸಿಡಬಹುದು, ಈಗ ಹಾಗೆ ಮಾಡುವದೂ ಉಂಟು. ಆದರೆ ಕೋಣೆಗಳು ಹೆಚ್ಚಿದಂತೆ ಮುಖಗಳು ಕಡಲೆಕಾಳಿನಷ್ಟಾಗುತ್ತವೆ. ಆದುದರಿಂದ ಮಾತಾಡುವವರನ್ನು ದೊಡ್ಡದಾಗಿ ತೋರಿಸಬೇಕು. ಅಂದರೆ ಆರಿಸಬೇಕು.

ಗ್ಯಾಸಬತ್ತಿ ಬರುವ ಮುಂಚೆ ನಮ್ಮ ಸೀಮೆಯ ದೊಡ್ಡಾಟಗಳಲ್ಲಿ ದೀವಟಿಗೆ ಹಿಡಿದವನೊಬ್ಬ ಇರುತ್ತಿದ್ದನೆಂದು ನಮ್ಮ ಅಜ್ಜ ಹೇಳುತ್ತಿದ್ದರು. ಯಾವ ಪಾತ್ರ ಮಾತು ತೆಗೆಯಿತೋ ಅದರ ಮೋರೆಗೆ ಅವನು ಬೆಳಕು ಹಿಡಿಯಬೇಕು. ಆಟವೆಲ್ಲ ಅವನಿಗೆ ಬಾಯಿಪಾಠ. ಸೇತುವೆಯೂ ಒಬ್ಬ ದೀವಟಿಗೆಯವನೇ. ಆದರೆ ಆಟ ಬಾರದವನು, ಮೇಲಾಗಿ ಕಣ್ಣಿಲ್ಲದವನು. ಯಾರ ತುಟಿ ಅಲುಗುತ್ತಿದೆಯೆಂದು ಹಳೆಯ ಸೇತುವೆಗಳು ನೋಡುತ್ತಿರಲಿಲ್ಲ. ಇಂದಿಗೂ ಹೆಚ್ಚಿನವು ಕಿವಿಯಿಂದಲೇ ನಿರ್ಣಯಿಸುತ್ತವೆ.

ದನಿಯನ್ನು ಯಂತ್ರಗಳು ಚೂರುಚೂರು ಮಾಡಿ ಸಾಗಿಸುತ್ತವೆ. ಸಾಮಾನ್ಯವಾಗಿ ಒಂದೊಂದು ಚೂರು ಸೆಕೆಂಡಿನ ಐವತ್ತನೆಯ ಒಂದು ಭಾಗ. ಪ್ರತಿ ಚೂರಿನ ಬಲವೆಷ್ಟೆಂದು ಅಳೆದು ಸೇತುವೆ ತುಲನೆ ಮಾಡುತ್ತದೆ. ಮೊದಲು ಇದಕ್ಕಾಗಿ ಚೂರುಗಳನ್ನೆಲ್ಲ ಬಿಡಿಸಿ ನೋಡಬೇಕಾಗುತ್ತಿತ್ತು. 2011ರಲ್ಲಿ ಇಂಟರನೆಟ್ಟಿನ ನಿಯಮಗಳನ್ನು ರೂಪಿಸುವ ಮಂಡಲಿ ಒಂದು ಅನುಕೂಲ ಮಾಡಿಕೊಟ್ಟಿತು: ಕಳಿಸುವ ಯಂತ್ರವೇ ಚೂರಿನ ತಲೆಯ ಮೇಲೆ 0ಯಿಂದ 127ರ ವರೆಗಿನ ಒಂದು ಅಂಕಿಯನ್ನು ಬರೆಯಬಹುದು. ಅಂಕಿ ಸಣ್ಣದಾದಷ್ಟೂ ದನಿ ದೊಡ್ಡದು. 127 ಎಂದರೆ ಮೌನ. ಪಾಕೀಟನ್ನು ಒಡೆಯದೆ ಮೇಲಿನ ವಿಳಾಸ ನೋಡಿಯೇ ಟಪಾಲು ವಿಂಗಡಿಸಿದಂತೆ. ಜೊತೆಗೆ, ‘ಇದು ಮಾತಿನಂತಿದೆ’ ಅಥವಾ ‘ಮಾತಿನಂತಿಲ್ಲ’ ಎಂದು ತಿಳಿಸುವ ಒಂದು ಗುರುತೂ ಅಲ್ಲಿರುತ್ತದೆ.

ಈ ಎರಡನೆಯ ಗುರುತು ನನಗೆ ಬಹಳ ಹಿಡಿಸಿತು. ಶಬ್ದವು ಎರಡು ಬಗೆ, ಧ್ವನ್ಯಾತ್ಮಕ ಮತ್ತು ವರ್ಣಾತ್ಮಕ ಎಂದು ಅನ್ನಂಭಟ್ಟನ ‘ತರ್ಕಸಂಗ್ರಹ’ದಲ್ಲಿ ನಾವು ಓದಿದ್ದೆವು. ಭೇರಿಯದು ಧ್ವನಿ, ಮನುಷ್ಯನ ಮಾತು ವರ್ಣ. ಅಂದು ಬರಿಯ ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಮಾತು. ಇಂದು ಯಂತ್ರ ಮಾಡಹೊರಟ ವಿಂಗಡಣೆಯೂ ಅದೇ! ಪಂಖಾ ಒಂದೇ ಸಮನೆ ಗುಯ್ಗುಡುತ್ತದೆ. ಮಾತು ಏರಿಳಿಯುತ್ತದೆ, ನಡುನಡುವೆ ನಿಲ್ಲುತ್ತದೆ. ಈ ಭೇದವನ್ನು ಹಿಡಿದು ಯಂತ್ರವು ಪ್ರತಿ ಕೋಣೆಯ ಸಹಜವಾದ ಗದ್ದಲದ ಮಟ್ಟವನ್ನು ಗುರುತಿಟ್ಟುಕೊಂಡು, ಅದಕ್ಕಿಂತ ಎಷ್ಟು ಮೇಲಕ್ಕೆ ದನಿ ಬಂತೆಂದು ನೋಡುತ್ತದೆ. ಆದರೆ ಚಹದ ಬಟ್ಟಲುಗಳ ಸದ್ದು ಏರಿಳಿಯುತ್ತದೆ. ಕೆಮ್ಮು ಏರಿಳಿಯುತ್ತದೆ. ನನ್ನ ಛತ್ರಿಯೂ ಏರಿಳಿಯಿತು.

ಇನ್ನು ಕಾಲದ ಪ್ರಶ್ನೆ. ಬಲವಾದ ದನಿ ಬಂದೊಡನೆ ಚಿತ್ರ ಬದಲಿಸಿದರೆ, ಒಬ್ಬರು ‘ಹೂಂ’ ಅಂದಾಗ, ಇನ್ನೊಬ್ಬರು ಸೀನಿದಾಗ ಪರದೆ ಮಿಣಮಿಣ ಜಿಗಿದು ನೋಡುವವರಿಗೆ ತಲೆಶೂಲೆ ಬಂದೀತು. ಅದಕ್ಕಾಗಿ ‘ಒಂದೆರಡು ಸೆಕೆಂಡು ಬಿಡದೆ ಮಾತಾಡಿದವರಿಗೇ ಪರದೆ’ ಎಂಬ ಕಟ್ಟಳೆಯಿಟ್ಟರು. ಇದರಿಂದ ಪರದೆಯೇನೋ ಶಾಂತವಾಯಿತು. ಆದರೆ ‘ಹೌದು’, ‘ಒಪ್ಪಿಗೆ ಇಲ್ಲ’ ಎಂಬ ಒಂದೆರಡು ಶಬ್ದಗಳ ಉತ್ತರ ಕೊಟ್ಟವರು ಕಾಣಿಸದೆಯೇ ಹೋದರು. ಎಲ್ಲರೂ ಒಪ್ಪಿದಾಗ ‘ಇಲ್ಲ’ ಎಂದವನ ಮುಖವನ್ನು ನೋಡುವದೇ ಮುಖ್ಯವಲ್ಲವೇ?

ಇದಕ್ಕೆ ಒಂದು ಜಾಣ ಪರಿಹಾರವನ್ನು 2013ರಲ್ಲಿ ಪ್ರಕಟಿಸಿದವರು ಇಸ್ರೇಲಿನ ಇಲಾನಾ ವೊಲ್ಫಿನ್ ಮತ್ತು ಇಸ್ರೇಲ್ ಕೊಹೆನ್. ಅವರ ರೀತಿಯಲ್ಲಿ ಯಂತ್ರವು ಪ್ರತಿಯೊಬ್ಬರ ದನಿಯನ್ನೂ ಮೂರು ಅಳತೆಗಳಲ್ಲಿ ಒಟ್ಟೊಟ್ಟಿಗೆ ನೋಡುತ್ತದೆ: ಈ ಕ್ಷಣದಲ್ಲಿ ಹೇಗಿದೆ, ಒಂದು ಶಬ್ದದಷ್ಟು ಹೊತ್ತಿನಲ್ಲಿ ಹೇಗಿತ್ತು, ಒಂದು ವಾಕ್ಯದಷ್ಟು ಹೊತ್ತಿನಲ್ಲಿ ಹೇಗಿತ್ತು. ಈಗ ಪರದೆಯ ಮೇಲಿರುವವರೊಡನೆ ಈ ಅಳತೆಗಳಲ್ಲಿ ಉಳಿದವರನ್ನು ಹೋಲಿಸಿ, ಗೆದ್ದವರಿಗೆ ಪರದೆಯನ್ನು ಕೊಡುತ್ತದೆ. ಛಂದಸ್ಸನ್ನು ಓದಿದವರಿಗೆ ಬೇಗ ತಿಳಿದೀತು: ಮಾತ್ರೆ, ಗಣ, ಪಾದ. ಬಿದ್ದ ಛತ್ರಿ ಕೆಲವು ಮಾತ್ರೆಗಳಷ್ಟೇ, ಅದು ಪಾದವಾಗಲಾರದು. ಈ ರೀತಿಯನ್ನು ‘ಜಿತ್ಸಿ’ ಎಂಬ, ಯಾರೂ ಪುಕ್ಕಟೆಯಾಗಿ ಬಳಸಬಹುದಾದ ವ್ಯವಸ್ಥೆಯಲ್ಲಿ ಅಳವಡಿಸಿದ್ದಾರೆ. ಅಂದು ನಮ್ಮ ಪಾಲಿಗೆ ಬಂದದ್ದು ಹಳೆಯ ಕಾಲದ ಸೇತುವೆಯಿರಬೇಕೆಂದು ನನ್ನ ವಿದ್ಯಾರ್ಥಿಯ ತರ್ಕ.

ಮುಂದಿನದು ಇನ್ನೂ ಸ್ವಾರಸ್ಯವಾಗಿದೆ. ಮಾತಾಡುತ್ತಿರುವವರ ಮುಖ ಎಲ್ಲರಿಗೂ ಕಾಣಬೇಕು ಸರಿ. ಮಾತಾಡುವವರಿಗೆ ಯಾರ ಮುಖ ಕಾಣಬೇಕು? ತಮ್ಮದೇ ಕಂಡರೆ ಕನ್ನಡಿಯ ಮುಂದೆ ಭಾಷಣ ಮಾಡಿದಂತೆ. ಆದುದರಿಂದ ಅವರಿಗೆ ಅವರಿಗಿಂತ ಮೊದಲು ಮಾತಾಡಿದವರನ್ನು ತೋರಿಸುವದು ಈ ಯಂತ್ರಗಳ ಪದ್ಧತಿ. ಪ್ರಶ್ನೆ ಕೇಳಿದವರ ಮುಖ ನೋಡುತ್ತ ಉತ್ತರ ಹೇಳಿದಂತಾಯಿತು. ಒಳ್ಳೆಯ ಯೋಚನೆಯೇ. ಆದರೆ ನಾವು ಮೋಸಹೋದದ್ದು ಇಲ್ಲಿಯೇ. ಅಕ್ಕೋರು ಮಾತಾಡುವಾಗ ನಮ್ಮ ಪರದೆಯ ಮೇಲೆ ಸವದತ್ತಿಯ ಕೋಣೆ ಕಾಣುತ್ತಿತ್ತು. ‘ಮಾತಾಡುವವರಿಗೆ ತಮ್ಮ ಮುಖ ಕಾಣುವದಿಲ್ಲ’ ಎಂದು ನಮಗೆ ಮೊದಲೇ ಹೇಳಿದ್ದರು. ಹೀಗಾಗಿ ಸವದತ್ತಿ ಕಂಡದ್ದನ್ನೇ ನಾವು ಎಲ್ಲರಿಗೂ ಕಾಣುತ್ತಿರುವದರ ಗುರುತೆಂದು ನಂಬಿದೆವು. ನಿಜವಾಗಿ ಬೆಳಗಾವಿಗೂ ಸವದತ್ತಿಯೇ ಕಾಣುತ್ತಿತ್ತು. ಅಲ್ಲಿ ಪಂಖಾ ತಿರುಗುತ್ತಿತ್ತು, ಚಹ ಹಂಚುತ್ತಿದ್ದರು, ತುಟಿಗಳು ಅಲುಗುತ್ತಿರಲಿಲ್ಲ. ಅಕ್ಕೋರ ಸಣ್ಣ ದನಿ ಬೆಳಗಾವಿಗೆ ತುಸು ಮುಟ್ಟಿಯೂ ಇದ್ದೀತು. ಆದರೆ ಸುಮ್ಮನೆ ಕುಳಿತ ಮುಖಗಳನ್ನು ಕಣ್ಣು ತೋರಿಸುತ್ತಿರುವಾಗ ಕಿವಿಯನ್ನು ನಂಬುವವರಾರು?

ಪರದೆ ಬದಲಾಗುವ ಗಳಿಗೆಯಲ್ಲಿ ಚಿತ್ರ ಒಮ್ಮೆ ಕಲ್ಲಾಗಿ ನಿಂತು, ಆಮೇಲೆ ಹೊಸ ಚಿತ್ರ ಬರುವದನ್ನು ನೀವು ಕಂಡಿರಬಹುದು. ಇದು ಯಂತ್ರ ಕೆಟ್ಟದ್ದಲ್ಲ. ಒಂದೊಂದು ಚಿತ್ರವನ್ನೂ ಪೂರ್ತಿಯಾಗಿ ಕಳಿಸುತ್ತ ಹೋದರೆ ದಾರಿ ಸಾಲದು. ಆದುದರಿಂದ ಒಮ್ಮೆ ಪೂರ್ಣಚಿತ್ರವನ್ನು ಕಳಿಸಿ, ಮುಂದೆ ಬದಲಾದದ್ದನ್ನಷ್ಟೇ ಕಳಿಸುತ್ತಾರೆ. ‘ಗೋಡೆ ಮೇಲಿನಂತೆಯೇ, ಕುರ್ಚಿ ಮೇಲಿನಂತೆಯೇ, ಕೈ ಮಾತ್ರ ಎತ್ತಿತು’ ಎಂಬಂತೆ. ನಡುವೆ ಬಂದು ಸೇರಿದವರಿಗೆ ಈ ‘ಮೇಲಿನಂತೆ’ಯಿಂದ ಏನು ತಿಳಿದೀತು? ಹಿಂದಿನ ದಿನ ಶಾಲೆ ತಪ್ಪಿಸಿದ ಹುಡುಗ ಗೆಳೆಯನ ಪಟ್ಟಿಯಲ್ಲಿ ‘ನಿನ್ನೆಯಂತೆ’ ಎಂದು ಓದಿದ ಹಾಗೆ. ಅದಕ್ಕೆ ಸೇತುವೆಯು ಬದಲಾವಣೆಯ ಮುನ್ನ ನೋಡುವವರ ಯಂತ್ರಗಳಿಗೆ ‘ಇದ್ದ ಚಿತ್ರವನ್ನು ಹಾಗೆಯೇ ಹಿಡಿದಿಡಿ’ ಎಂದು ಆಜ್ಞೆ ಕೊಟ್ಟು, ಹೊಸದಾಗಿ ಮಾತಾಡುವವರ ಯಂತ್ರಕ್ಕೆ ‘ಒಂದು ಪೂರ್ಣಚಿತ್ರ ಕಳಿಸು’ ಎಂದು ಕೇಳಿ, ಅದು ಕೈಸೇರಿದ ಮೇಲೆ ಬಿಡುಗಡೆ ಮಾಡುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಸಂಘದವರು 1990ರ ದಶಕದಲ್ಲಿಯೇ ಈ ಎರಡೂ ಆಜ್ಞೆಗಳನ್ನು ತಮ್ಮ ನಿಯಮಗಳಲ್ಲಿ ಸೇರಿಸಿದ್ದಾರೆ.

ಪರದೆಯನ್ನು ಹಂಚುವ ಕೆಲಸವನ್ನು ದನಿಗೇ ಒಪ್ಪಿಸಬೇಕೆಂದೇನೂ ಇಲ್ಲ. 2004ರ ಸಪ್ಟಂಬರ 20ರಂದು ಶ್ರೀಹರಿಕೋಟೆಯಿಂದ ಹಾರಿದ ‘ಎಡ್ಯುಸ್ಯಾಟ್’ ಉಪಗ್ರಹ ನಿಮಗೆ ನೆನಪಿರಬಹುದು. ಅದು ಶಿಕ್ಷಣಕ್ಕೆಂದೇ ಮೀಸಲಾಗಿತ್ತು. ಅದರ ಪ್ರಯೋಗಗಳಲ್ಲಿ ನಮ್ಮ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವೂ ಪಾಲುಗೊಂಡಿತ್ತು. ಬರಿಯ ನೋಡುವ ಕೇಂದ್ರಗಳು ಕೆಲವು, ಮರಳಿ ಮಾತಾಡಬಲ್ಲ ಕೇಂದ್ರಗಳು ಕೆಲವು, ಹೀಗೆ ಎರಡು ಬಗೆ ಅಲ್ಲಿದ್ದವು. ಗುರುಗಳೊಬ್ಬರು ಪಾಠ ಹೇಳುವಾಗ ಊರೂರಿನ ಹುಡುಗರು ಒಮ್ಮೆಲೇ ಮಾತಾಡಿ ಪರದೆಯನ್ನು ಕಸಿದುಕೊಂಡರೆ ಪಾಠ ನಡೆದೀತೆ? ತರಗತಿಯ ಹಳೆಯ ಪದ್ಧತಿಯೇ ಸರಿ: ಕೈ ಎತ್ತುವದು, ಗುರುಗಳು ಹೆಸರು ಕರೆಯುವದು. ಇಂದಿನ ಯಂತ್ರಗಳಲ್ಲಿಯೂ ‘ಕೈ ಎತ್ತುವ’ ಗುಂಡಿ ಇದೆ, ಅಧ್ಯಕ್ಷರು ತಮಗೆ ಬೇಕಾದ ಕೋಣೆಯನ್ನು ಪರದೆಗೆ ಕಟ್ಟಿಹಾಕುವ ಅನುಕೂಲವೂ ಇದೆ.

ಈ ಕಟ್ಟಿಹಾಕುವ ಅನುಕೂಲ ಎಲ್ಲಕ್ಕಿಂತ ಹೆಚ್ಚಾಗಿ ಬೇಕಾಗುವದು ನ್ಯಾಯಾಲಯದಲ್ಲಿ. ದೂರದಲ್ಲಿರುವ ಸಾಕ್ಷಿಯನ್ನು ಪರದೆಯ ಮೇಲೆ ವಿಚಾರಿಸಬಹುದೆಂದು ಸರ್ವೋಚ್ಚ ನ್ಯಾಯಾಲಯವು 2003ರಲ್ಲಿ ತೀರ್ಪಿತ್ತಿತು. ಆ ಮೊಕದ್ದಮೆಯಲ್ಲಿ ಸಾಕ್ಷಿ ಅಮೇರಿಕೆಯ ಒಬ್ಬ ವೈದ್ಯರು. ನಮ್ಮ ಧಾರವಾಡಕ್ಕೆ 2008ರಲ್ಲಿ ಉಚ್ಚ ನ್ಯಾಯಾಲಯದ ಸಂಚಾರಿ ಪೀಠ ಬಂದು 2013ರಲ್ಲಿ ಅದು ಖಾಯಂ ಆಯಿತು. 2020ರಲ್ಲಿ, ಕೋವಿಡ್ ಕಾಲದಲ್ಲಿ, ಪರದೆಯ ಮೇಲಿನ ಕಲಾಪಕ್ಕೆ ರಾಜ್ಯದಲ್ಲಿ ನಿಯಮಗಳೂ ಆದವು. ಈಗ ವಿಚಾರ ಮಾಡಿ. ವಕೀಲರು ಗಟ್ಟಿದನಿಯಲ್ಲಿ ಉದ್ದವಾದ ಪ್ರಶ್ನೆ ಹಾಕುತ್ತಿದ್ದಾರೆ, ಸಾಕ್ಷಿ ಸುಮ್ಮನೆ ಕೇಳುತ್ತಿದ್ದಾಳೆ. ದನಿಯನ್ನು ಹಿಂಬಾಲಿಸುವ ಯಂತ್ರ ತೋರಿಸುವದು ವಕೀಲರ ಮುಖವನ್ನು. ಆದರೆ ನ್ಯಾಯಾಧೀಶರು ಆಗ ನೋಡಬೇಕಾದದ್ದು ಸಾಕ್ಷಿಯ ಮುಖವನ್ನು. ಪ್ರಶ್ನೆ ಕೇಳಿ ಅವಳು ಬೆಚ್ಚಿದಳೋ, ಪಕ್ಕದಲ್ಲಿ ನಿಂತವರ ಕಡೆಗೆ ನೋಡಿದಳೋ ಎಂಬುದು ಮುಖ್ಯ. ಸಾಕ್ಷಿಯ ನಡೆಯ ಬಗೆಗೆ ಮಹತ್ವವೆನಿಸಿದ್ದನ್ನು ಬರೆದಿಡಬೇಕೆಂದು ಕಾಯದೆಯೇ ನ್ಯಾಯಾಧೀಶರಿಗೆ ಹೇಳುತ್ತದೆ. ಅಂದಮೇಲೆ ಮೌನದಲ್ಲಿರುವವಳನ್ನೂ ಪರದೆಯ ಮೇಲೆ ಇಟ್ಟುಕೊಳ್ಳಬೇಕು; ಇದು ದನಿಯ ಅಂಕಿಗಳಿಂದ ಆಗುವ ಕೆಲಸವಲ್ಲ. ನ್ಯಾಯಾಲಯದ ಕಡೆಗೊಬ್ಬರು, ಸಾಕ್ಷಿಯ ಕಡೆಗೊಬ್ಬರು ಸಂಯೋಜಕರು ಇರಬೇಕೆಂದು ನಿಯಮ ಮಾಡಿದ್ದು ಸುಮ್ಮನೆ ಅಲ್ಲ. ಪರದೆ ಯಾರ ಕೈಗಾದರೂ ಸಿಗುವಂತಿದ್ದರೆ ಏನಾಗುತ್ತದೆಂಬುದನ್ನೂ ನಾಡು ಕಂಡಿದೆ. 2023ರ ಡಿಸೆಂಬರದಲ್ಲಿ ಕಿಡಿಗೇಡಿಗಳು ನಡುವೆ ನುಗ್ಗಿ ಅಶ್ಲೀಲ ಚಿತ್ರಗಳನ್ನು ತೋರಿಸಿದ್ದರಿಂದ ನಮ್ಮ ಉಚ್ಚ ನ್ಯಾಯಾಲಯವು ಈ ವ್ಯವಸ್ಥೆಯನ್ನೇ ಕೆಲವು ಕಾಲ ನಿಲ್ಲಿಸಬೇಕಾಯಿತು.

ಕಿವುಡರ ಸಭೆಯಲ್ಲಂತೂ ದನಿಯ ಲೆಕ್ಕ ಪೂರ್ತಿ ತಲೆಕೆಳಗು. ಕೈಸನ್ನೆಯಲ್ಲಿ ಮಾತಾಡುವವರು ಎಷ್ಟು ನಿರರ್ಗಳವಾಗಿ ಮಾತಾಡಿದರೂ ಯಂತ್ರದ ಮಟ್ಟಿಗೆ ಅದು 127, ಅಂದರೆ ಮೌನ. ಅಲ್ಲಿಯೂ ಒಬ್ಬ ಮನುಷ್ಯನೇ ಪರದೆಯನ್ನು ಹಿಡಿದು ಕೊಡಬೇಕು.

ನಮ್ಮ ಕೋಣೆಗಳಿಗೆ ಮರಳೋಣ. ಯಂತ್ರದ ಅಳತೆ ತಿಳಿದ ಮೇಲೆ ಉಪಾಯ ತಾನಾಗಿಯೇ ಹೊಳೆಯುತ್ತದೆ. ತೆರಪಿನ ಜಾಗದಲ್ಲಿ ಬಾಯಿ ಮತ್ತು ಮೈಕಿನ ನಡುವಿನ ಅಂತರ ಎರಡು ಪಟ್ಟಾದರೆ ಮೈಕಿಗೆ ಮುಟ್ಟುವ ದನಿಯ ಒತ್ತಡ ಅರ್ಧವಾಗುತ್ತದೆ. ಒಂದು ಮೊಳದಲ್ಲಿ ಕುಳಿತ ನನಗೂ ಎಂಟು ಮೊಳ ಹಿಂದೆ ನಿಂತ ಅಕ್ಕೋರಿಗೂ ಎಂಟು ಪಟ್ಟು ಅಂತರ. ಗೋಡೆಗಳಿಂದ ಮರಳಿದ ದನಿ ಸ್ವಲ್ಪ ತುಂಬಿಕೊಟ್ಟರೂ ಅದು ಮಾತನ್ನು ಮಸುಕು ಮಾಡುತ್ತದೆ. ದನಿ ಎತ್ತರಿಸಿರೆಂದು ಅವರಿಗೆ ಬುದ್ಧಿ ಹೇಳುವದಕ್ಕಿಂತ ಮೈಕನ್ನು ಒಯ್ದು ಕೊಡುವದು ಸುಲಭ. ಕೇಳುವವರು ತಮ್ಮ ಮೈಕನ್ನು ಮ್ಯೂಟ್ ಮಾಡಿ ಕೂಡಬೇಕು. ಸವದತ್ತಿಯವರು ಅಷ್ಟು ಮಾಡಿದ್ದರೆ ಅಂದು ಅವರ ಚಹ ಯಾರಿಗೂ ಕಾಣುತ್ತಿರಲಿಲ್ಲ. ಪರದೆ ಬರಲಿಕ್ಕೆ ಒಂದೆರಡು ಸೆಕೆಂಡು ಬೇಕಾಗುವದರಿಂದ ಅಸಲು ಮಾತನ್ನು ಮೊದಲೇ ಖರ್ಚು ಮಾಡದೆ, ಊರು, ಶಾಲೆ, ಹೆಸರು ಹೇಳಿ ಸುರುಮಾಡಬೇಕು. ‘ನಾವು ಕಾಣುತ್ತಿದ್ದೇವೆಯೇ?’ ಎಂದು ಬಾಯಿಬಿಟ್ಟು ಕೇಳಲಿಕ್ಕೆ ನಾಚಬಾರದು. ಒಂದೇ ಕೋಣೆಯಲ್ಲಿ ಇಬ್ಬರು ತಮ್ಮ ತಮ್ಮ ಮೊಬೈಲಿನಿಂದ ಸಭೆಗೆ ಸೇರಿದರೆ ಒಂದರ ದನಿ ಇನ್ನೊಂದರ ಮೈಕಿಗೆ ನುಗ್ಗಿ ಊಳಿಡುತ್ತದೆ. ಆಗ ಪರದೆ ಆ ಕೂಗನ್ನು ಹಿಂಬಾಲಿಸುವದೂ ಉಂಟು.

ಮುಂದಿನ ಸಭೆ ಬಂದದ್ದು ಸಂಕ್ರಾಂತಿಯ ಮರುವಾರ. ಛತ್ರಿಯ ಕಾಲವಲ್ಲ. ಬೈಲಹೊಂಗಲದ ಸರದಿ ಬಂದಾಗ ಮೈಕನ್ನು ತಂತಿ ಸಹಿತ ಮೂರನೆಯ ಸಾಲಿಗೆ ಒಯ್ಯಲು ಹೋದೆ. ತಂತಿ ಮೋಟು, ಸಾಲಲಿಲ್ಲ. “ಅಕ್ಕೋರ, ಇಲ್ಲೇ ಬರ್ರಿ” ಎಂದು ಎದ್ದು ನನ್ನ ಕುರ್ಚಿಯಲ್ಲಿ ಅವರನ್ನು ಕೂಡ್ರಿಸಿ, ಪಂಖಾ ಬಂದ್ ಮಾಡಿ ನಿಂತೆ. ಅವರು ಊರು ಹೇಳಿದರು, ಶಾಲೆ ಹೇಳಿದರು. “ಸಾಹೇಬರ, ನಾವು ಕಾಣಾಕತ್ತೇವೇನ್ರಿ?” ಎಂದು ನಾನು ಕೇಳಿದೆ. ಕಾಣುತ್ತೀರಿ, ಹೇಳಿರಿ ಎಂದು ಉತ್ತರ ಬಂತು. ಅದೇ ಸಣ್ಣ ದನಿಯಲ್ಲಿ ಅಕ್ಕೋರು ಎಲ್ಲವನ್ನೂ ಹೇಳಿದರು. ಪರೀಕ್ಷೆಗೆ ಎರಡು ತಿಂಗಳು ಉಳಿದಿತ್ತು. ಸಾಹೇಬರು ಬರೆದುಕೊಂಡರು. ವಾರದಲ್ಲಿ ಮೂರು ದಿನ ಪಕ್ಕದ ಊರಿನ ಮಾಸ್ತರರನ್ನು ಕಳಿಸುವದಾಗಿ ಅಲ್ಲಿಯೇ ಹೇಳಿದರು. ಆಮೇಲೆ ಕನ್ನಡಕ ತೆಗೆದು ಕೇಳಿದರು:

“ಅಲ್ರಿ ಅಕ್ಕೋರ, ಇಷ್ಟ ದಿನಾ ಯಾಕ ಹೇಳಲಿಲ್ರಿ?”

ಅಕ್ಕೋರು ಪರದೆಯ ಕಡೆಗೆ ನೋಡಲಿಲ್ಲ. ಗೋಡೆಯ ಹತ್ತಿರ ನಿಂತಿದ್ದ ನನ್ನ ಕಡೆಗೆ ನೋಡಿದರು.